ಒಂದು ಬೇಸಿಗೆ, ಒಂದೇ ಸೀಮೆ



ಯುಗಾದಿ ಕಳೆದು ಬಿಸಿಲು ಏರುತ್ತಿದ್ದಂತೆ ನಮ್ಮ ಕಡೆಯ ಎಷ್ಟೋ ಹಿರಿಯರು ಇಂಗ್ಲೆಂಡಿಗೆ ಹೊರಡುತ್ತಾರೆ. ಮಗನೋ ಮಗಳೋ ಅಲ್ಲಿ ನೌಕರಿಯಲ್ಲಿರುತ್ತಾರೆ, ಮೊಮ್ಮಕ್ಕಳು ಕಾಯುತ್ತಿರುತ್ತಾರೆ. ಹೋದ ಹೊಸದರಲ್ಲಿ ಲಂಡನ್ನಿನ ಅರಮನೆ, ವಸ್ತುಸಂಗ್ರಹಾಲಯ, ಥೇಮ್ಸ್ ದಂಡೆಯಲ್ಲಿರುವ ಬಸವಣ್ಣನವರ ಪ್ರತಿಮೆ ಎಲ್ಲ ನೋಡಿ ಆಗುತ್ತದೆ. ಆಮೇಲೆ ಇನ್ನೂ ದಿನಗಳು ಉಳಿದಿರುತ್ತವೆ. ಎಲ್ಲಿಗೆ ಹೋಗೋಣ ಎಂದು ನನ್ನನ್ನು ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ ಮಾತು: ಅಲ್ಲಿನ ಹಳ್ಳಿಗಳ ಹಳೆಯ ಚರ್ಚುಗಳನ್ನು ನೋಡಿ ಬನ್ನಿ. ಹೋಗುವ ಮುಂಚೆ ಒಂದು ಸಂಜೆ ಕೂತು ನಕಾಶೆ ಹರಡಿಕೊಂಡು ಯೋಚನೆ ಮಾಡಿ. ಇವತ್ತಿನ ಮಾತು ಆ ಒಂದು ಸಂಜೆಯ ಕೆಲಸದ ಬಗ್ಗೆ.

ಚರ್ಚ್ ಆಫ್ ಇಂಗ್ಲೆಂಡಿಗೆ ಸೇರಿದ ಚರ್ಚುಗಳು ಸುಮಾರು 16,000. ಅವುಗಳಲ್ಲಿ 12,000ಕ್ಕೂ ಹೆಚ್ಚು ಕಟ್ಟಡಗಳು ಸಂರಕ್ಷಿತ ಪಟ್ಟಿಯಲ್ಲಿವೆ. ಸೈಮನ್ ಜೆಂಕಿನ್ಸ್ ಎಂಬ ಪತ್ರಕರ್ತರು ಅವುಗಳಲ್ಲಿ ಶ್ರೇಷ್ಠವಾದ ಸಾವಿರವನ್ನು ಆರಿಸಿ 1999ರಲ್ಲಿ ದಪ್ಪನೆಯ ಒಂದು ಪುಸ್ತಕ ಬರೆದರು. ಜರ್ಮನಿಯಿಂದ ಬಂದು ಅಲ್ಲೇ ನೆಲೆಸಿದ ನಿಕೋಲಸ್ ಪೆವ್ಸ್‌ನರ್ ಅವರು 1951ರಿಂದ 1974ರವರೆಗೆ ಒಂದೊಂದೇ ಜಿಲ್ಲೆಯನ್ನು ಸುತ್ತಿ, ನೋಡತಕ್ಕ ಕಟ್ಟಡಗಳನ್ನೆಲ್ಲ 46 ಸಂಪುಟಗಳಲ್ಲಿ ದಾಖಲಿಸಿದರು. ಎರಡೂ ಅಮೂಲ್ಯ ಕೆಲಸಗಳು. ಆದರೆ ಇಂಥ ಪಟ್ಟಿ ಕೈಗೆ ಸಿಕ್ಕಿದ ಕೂಡಲೇ ನಾವು ಮಾಡುವುದೇನು? ಇವತ್ತು ಇಲ್ಲಿ ಒಂದು, ನಾಳೆ ಇನ್ನೂರು ಮೈಲಿ ಆಚೆ ಇನ್ನೊಂದು ಎಂದು ಓಡಾಡುತ್ತೇವೆ. ಸಂಜೆಯ ಹೊತ್ತಿಗೆ ಯಾವ ಕಿಟಕಿ ಯಾವ ಊರಿನದು ಎಂಬುದೇ ಮರೆತುಹೋಗಿರುತ್ತದೆ.

ಒಂದು ಬೇಸಿಗೆಗೆ ಒಂದೇ ಸೀಮೆ ಸಾಕು, ದಿನಕ್ಕೆ ಎರಡೋ ಮೂರೋ ಚರ್ಚು ಸಾಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಳ್ಳಿಯ ಚರ್ಚು ಆ ನೆಲದಿಂದಲೇ ಎದ್ದದ್ದು. ಅಲ್ಲಿ ಯಾವ ಕಲ್ಲು ಸಿಗುತ್ತಿತ್ತು, ಊರಿಗೆ ದುಡ್ಡು ಎಲ್ಲಿಂದ ಬಂತು, ಯಾವಾಗ ನಿಂತುಹೋಯಿತು, ಯಾರು ಕಟ್ಟಿದರು, ಯಾರು ಒಡೆದರು, ಇದೆಲ್ಲ ಗೋಡೆಯ ಮೇಲೇ ಇರುತ್ತದೆ. ಒಂದೇ ಸೀಮೆಯ ನಾಲ್ಕಾರು ಚರ್ಚುಗಳನ್ನು ಬೆನ್ನುಬೆನ್ನಿಗೆ ನೋಡಿದರೆ ಒಂದರಲ್ಲಿ ಅರ್ಥವಾಗದ್ದು ಇನ್ನೊಂದರಲ್ಲಿ ಬಿಡಿಸಿಕೊಳ್ಳುತ್ತದೆ. ಇದಕ್ಕೆ ನಾನು ಚೆನ್ನಾಗಿ ಬಲ್ಲ ಸೀಮೆಯೊಂದನ್ನೇ ಉದಾಹರಣೆಯಾಗಿ ಇಡುತ್ತೇನೆ: ಇಂಗ್ಲೆಂಡಿನ ಪೂರ್ವ ಅಂಚಿನ ಸಫಕ್ ಜಿಲ್ಲೆಯ ಕರಾವಳಿ.

ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಿಂದ ಇಪ್ಸ್‌ವಿಚ್‌ಗೆ ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತಿನ ಪ್ರಯಾಣ. ಅಲ್ಲಿ ರೈಲು ಬದಲಿಸಿ ಹೇಲ್ಸ್‌ವರ್ತ್‌ನಲ್ಲಿ ಇಳಿದರೆ, ನಾನು ಹೇಳಹೊರಟಿರುವ ಊರುಗಳೆಲ್ಲ ಇಪ್ಪತ್ತು ಕಿಲೋಮೀಟರಿನ ಒಳಗೇ ಇವೆ. ಬ್ರಿಟನ್ನಿನ ಸರ್ಕಾರಿ ನಕಾಶೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯವರ ನಕಾಶೆಯ 156ನೇ ಹಾಳೆ ಕೊಂಡುಕೊಳ್ಳಿ. ಮೊಬೈಲಿನಲ್ಲಿ ಎಲ್ಲ ಸಿಗುತ್ತದಲ್ಲ ಎನ್ನಬೇಡಿ. ಈ ಹಾಳೆಯಲ್ಲಿ ಚರ್ಚುಗಳಿಗೆ ಮೂರು ಬೇರೆ ಬೇರೆ ಗುರುತುಗಳಿವೆ: ಬರಿಯ ಶಿಲುಬೆಯಿದ್ದರೆ ಗೋಪುರವಿಲ್ಲದ ಚರ್ಚು, ಕಪ್ಪು ಚೌಕದ ಮೇಲೆ ಶಿಲುಬೆಯಿದ್ದರೆ ಗೋಪುರವಿರುವ ಚರ್ಚು, ಕಪ್ಪು ವೃತ್ತದ ಮೇಲೆ ಶಿಲುಬೆಯಿದ್ದರೆ ಚೂಪು ಶಿಖರವಿರುವುದು. ಊರೇ ಇಲ್ಲದ ಬಯಲಿನಲ್ಲಿ ಒಂಟಿ ಶಿಲುಬೆ ಕಂಡರೆ ಅಲ್ಲೊಂದು ಕಥೆಯಿದೆ ಎಂದು ತಿಳಿಯಿರಿ. ಚುಕ್ಕೆ ಗೆರೆಯ ಕಾಲುದಾರಿಗಳನ್ನೂ ನೋಡಿಕೊಳ್ಳಿ. ಹೊಲದ ನಡುವೆ ಸಾರ್ವಜನಿಕರು ಹಕ್ಕಿನಿಂದ ನಡೆದಾಡುವ ದಾರಿಗಳು ಅವು, ಅನೇಕವು ನೇರ ಚರ್ಚಿನ ಅಂಗಳಕ್ಕೇ ಹೋಗಿ ಮುಟ್ಟುತ್ತವೆ.

ಈ ಸೀಮೆಯಲ್ಲಿ ಕಟ್ಟಡಕ್ಕೆ ಒದಗುವ ಬಂಡೆಯಿಲ್ಲ. ಸಿಗುವುದು ಸುಣ್ಣದ ಪದರಗಳಲ್ಲಿ ಹುದುಗಿರುವ ಚಕಮಕಿ ಕಲ್ಲು. ಮುಷ್ಟಿ ಗಾತ್ರದ ಉಂಡೆಗಳು, ಒಡೆದರೆ ಒಳಗೆ ಕಪ್ಪು ಗಾಜಿನಂಥ ಹೊಳಪು. ಉಂಡೆಕಲ್ಲಿನಲ್ಲಿ ಗೋಡೆ ಏಳುತ್ತದೆ, ಮೂಲೆ ಕೂಡಿಸುವುದು ಕಷ್ಟ. ಮೂಲೆಗೆ ಬೇಕಾದ ಚೌಕ ಕಲ್ಲನ್ನು ದೂರದಿಂದ ದುಡ್ಡು ತೆತ್ತು ತರಿಸಬೇಕು. ಈ ಭಾಗದಲ್ಲಿ ದುಂಡು ಗೋಪುರಗಳು ಇಷ್ಟೊಂದು ಇರುವುದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಇದೇ. ಹೇಲ್ಸ್‌ವರ್ತ್‌ಗೆ ಹತ್ತಿರದ ಬ್ರ್ಯಾಮ್‌ಫೀಲ್ಡ್‌ನಲ್ಲಿ ದುಂಡು ಗೋಪುರ ಚರ್ಚಿಗೆ ಅಂಟಿಕೊಳ್ಳದೆ ಅಂಗಳದಲ್ಲಿ ಪ್ರತ್ಯೇಕವಾಗಿ ನಿಂತಿದೆ. ಚರ್ಚಿನದು ಹುಲ್ಲಿನ ಮಾಡು. ಒಳಗೆ ಹೋದರೆ ಆರ್ಥರ್ ಕೋಕ್ ಮತ್ತು ಆತನ ಹೆಂಡತಿ ಎಲಿಜಬೆತ್‌ಳ ಸ್ಮಾರಕವಿದೆ. ನಿಕೋಲಸ್ ಸ್ಟೋನ್ ಎಂಬ ಆ ಕಾಲದ ದೊಡ್ಡ ಶಿಲ್ಪಿಯ ಕೆಲಸ. ಎಲಿಜಬೆತ್ 1627ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು. ಗಂಡ ಮೇಲೆ ಮಂಡಿಯೂರಿ ಕೂತಿದ್ದಾನೆ, ಕೆಳಗೆ ಆಕೆ ಕೂಸನ್ನು ತೋಳಿನಲ್ಲಿ ಇಟ್ಟುಕೊಂಡು ಮಲಗಿದ್ದಾಳೆ. ದಿಂಬು ತಲೆಯ ಭಾರಕ್ಕೆ ತಗ್ಗಿರುವುದನ್ನೂ ಶಿಲ್ಪಿ ಕಲ್ಲಿನಲ್ಲಿ ಬಿಡಿಸಿದ್ದಾನೆ. ಇದರ ಮುಂದೆ ಹತ್ತು ನಿಮಿಷವಾದರೂ ನಿಲ್ಲದೆ ಬರಬೇಡಿ.

ಅಲ್ಲಿಂದ ನಾಲ್ಕೈದು ಕಿಲೋಮೀಟರ್ ದೂರದಲ್ಲಿ ವೆನ್‌ಹಾಸ್ಟನ್. ಹೊರಗಿನಿಂದ ನೋಡಿದರೆ ಗಾಡಿ ನಿಲ್ಲಿಸಬೇಕು ಎನ್ನಿಸದಷ್ಟು ಸಾಧಾರಣ ಚರ್ಚು. ಒಳಗಿನ ಗೋಡೆಯ ಮೇಲೆ ಹಲಗೆಗಳನ್ನು ಜೋಡಿಸಿದ ದೊಡ್ಡದೊಂದು ಚಿತ್ರವಿದೆ. ಅಂತಿಮ ತೀರ್ಪಿನ ದಿನದ ಚಿತ್ರ. ಮಧ್ಯಯುಗದ ಚರ್ಚುಗಳಲ್ಲಿ ಜನ ಕೂರುವ ಭಾಗಕ್ಕೂ ಬಲಿಪೀಠದ ಭಾಗಕ್ಕೂ ನಡುವಿನ ಕಮಾನಿನಲ್ಲಿ ಇಂಥದ್ದು ಇರುತ್ತಿತ್ತು. ಓದು ಬಾರದ ರೈತರು ವರ್ಷವಿಡೀ ಇದನ್ನೇ ನೋಡುತ್ತ ಕೂರುತ್ತಿದ್ದರು. ಕ್ರಿಸ್ತ ಕಾಮನಬಿಲ್ಲಿನ ಮೇಲೆ ಕೂತಿದ್ದಾನೆ. ಸಂತ ಮಿಕಾಯೇಲ ತಕ್ಕಡಿ ಹಿಡಿದು ಆತ್ಮಗಳನ್ನು ತೂಗುತ್ತಿದ್ದಾನೆ. ಒಂದು ಕಡೆ ರಾಜ, ಬಿಷಪ್ಪರು ಮೈಮೇಲೆ ನೂಲಿಲ್ಲದೆ, ತಲೆಯ ಮೇಲಿನ ಕಿರೀಟವಷ್ಟೇ ಗುರುತಾಗಿ, ಸಂತ ಪೇತ್ರನ ಮುಂದೆ ನಿಂತಿದ್ದಾರೆ. ಇನ್ನೊಂದು ಕಡೆ ದೊಡ್ಡ ಮೀನಿನ ಬಾಯಿಯಂತೆ ತೆರೆದ ನರಕ.

ಈ ಚಿತ್ರ ಉಳಿದ ಬಗೆ ಕೇಳಬೇಕು. ಎಂಟನೆಯ ಹೆನ್ರಿ 1534ರಲ್ಲಿ ರೋಮಿನಿಂದ ಬೇರೆಯಾದ. ಅವನ ಮಗ ಆರನೆಯ ಎಡ್ವರ್ಡ್ ಪಟ್ಟಕ್ಕೆ ಬಂದ ಮೇಲೆ ಚರ್ಚುಗಳಲ್ಲಿನ ವಿಗ್ರಹಗಳನ್ನು ಕೀಳಿಸಿ, ಚಿತ್ರಗಳ ಮೇಲೆ ಸುಣ್ಣ ಬಳಿಸುವ ಅಪ್ಪಣೆಗಳು ಹೊರಟವು. ವೆನ್‌ಹಾಸ್ಟನ್ನಿನ ಹಲಗೆಗೂ ಸುಣ್ಣ ಬಿತ್ತು. ಕೆಳಗೆ ಚಿತ್ರವಿದೆ ಎಂಬುದೇ ಊರಿಗೆ ಮರೆತುಹೋಯಿತು. 1892ರಲ್ಲಿ ಚರ್ಚಿನ ಜೀರ್ಣೋದ್ಧಾರ ನಡೆದಾಗ ಹಳೆಯ ಹಲಗೆಗಳೆಂದು ಕಿತ್ತು ಅಂಗಳಕ್ಕೆ ಹಾಕಿದರು. ರಾತ್ರಿ ಮಳೆ ಹೊಯ್ದು ಸುಣ್ಣ ತೊಳೆದುಹೋಯಿತು, ಬೆಳಗ್ಗೆ ನೋಡಿದರೆ ಮುಖಗಳು! ಹತ್ತಿರ ಹೋದರೆ ಇನ್ನೊಂದು ಸಂಗತಿ ಕಾಣುತ್ತದೆ. ಚಿತ್ರದ ನಡುವೆ ಬಣ್ಣವೇ ತಾಗದ ಮೂರು ಖಾಲಿ ಆಕಾರಗಳಿವೆ. ಶಿಲುಬೆಯ ಮೇಲಿನ ಕ್ರಿಸ್ತ, ಎರಡು ಪಕ್ಕದಲ್ಲಿ ಮರಿಯ ಮತ್ತು ಯೊವಾನ್ನ, ಈ ಮೂರು ಮರದ ವಿಗ್ರಹಗಳು ಹಲಗೆಗೆ ಆತು ನಿಂತಿದ್ದ ಜಾಗ ಅದು. ಚಿತ್ರಗಾರ ಅವುಗಳ ಸುತ್ತ ಬಣ್ಣ ತುಂಬಿದ್ದ. ವಿಗ್ರಹಗಳು ಹೋಗಿ ನಾಲ್ಕೂವರೆ ಶತಮಾನದ ಮೇಲಾಯಿತು, ಅವು ನಿಂತಿದ್ದ ನಿಲುವು ಇನ್ನೂ ಇದೆ.

ಇಷ್ಟನ್ನು ನೋಡಿದ ಮೇಲೆ ಬ್ಲೈತ್‌ಬರೊ ಊರಿಗೆ ಬನ್ನಿ. ಅದಕ್ಕೆ ಅರ್ಧ ದಿನ ಪೂರ್ತಿ ಮೀಸಲಿಡಿ. ಬ್ಲೈತ್ ಹೊಳೆಯ ಜೌಗಿನ ಮೇಲೆ ನಿಂತ ಈ ಹದಿನೈದನೆಯ ಶತಮಾನದ ಚರ್ಚು ಮೈಲಿಗಟ್ಟಲೆ ದೂರಕ್ಕೆ ಕಾಣುತ್ತದೆ. ಇಂದಿನ ಪುಟ್ಟ ಊರಿಗೂ ಇಷ್ಟು ದೊಡ್ಡ ಚರ್ಚಿಗೂ ಹೊಂದಿಕೆಯೇ ಇಲ್ಲವಲ್ಲ ಎನ್ನಿಸಬಹುದು. ಆಗ ಹಡಗುಗಳು ಇಲ್ಲಿಯವರೆಗೆ ಬರುತ್ತಿದ್ದವು, ಊರಿನ ಕೈಯಲ್ಲಿ ವ್ಯಾಪಾರದ ಹಣವಿತ್ತು. ಹೊಳೆಯಲ್ಲಿ ಹೂಳು ತುಂಬಿತು, ಹಡಗುಗಳು ನಿಂತವು, ಚರ್ಚು ಉಳಿಯಿತು.

ಒಳಗೆ ಕಾಲಿಟ್ಟೊಡನೆ ಬೆಳಕು. ಬಣ್ಣದ ಗಾಜು ಹೆಚ್ಚುಕಡಿಮೆ ಎಲ್ಲ ಹೋಗಿ ಬರಿ ಬಿಳಿಗಾಜಿನ ದೊಡ್ಡ ಕಿಟಕಿಗಳು ಉಳಿದಿವೆ. ಇಂಗ್ಲೆಂಡಿನ ಅಂತರ್ಯುದ್ಧದ ಕಾಲದಲ್ಲಿ ಸಂಸತ್ತಿನ ಪಕ್ಷದ ಅಧಿಕಾರ ಹಿಡಿದು ವಿಲಿಯಂ ಡೌಸಿಂಗ್ ಎಂಬಾತ ಈ ಜಿಲ್ಲೆಯ ಚರ್ಚಿನಿಂದ ಚರ್ಚಿಗೆ ಹೋಗಿ ಚಿತ್ರ, ಶಿಲುಬೆಗಳನ್ನು ಒಡೆಸಿದ. ಒಡೆಸಿದ್ದನ್ನು ದಿನಚರಿಯಲ್ಲಿ ಬರೆದೂ ಇಟ್ಟ. 1644ರ ಏಪ್ರಿಲ್‌ನಲ್ಲಿ ಬ್ಲೈತ್‌ಬರೊ ಸರದಿ. ಆದರೆ ತಲೆಯೆತ್ತಿ ಮಾಡು ನೋಡಿ: ತೊಲೆಗಳ ನಡುವೆ ಮರದ ದೇವದೂತರು ರೆಕ್ಕೆ ಬಿಚ್ಚಿಕೊಂಡು ಸಾಲಾಗಿ ಇನ್ನೂ ಅಲ್ಲೇ ಇದ್ದಾರೆ, ಮಾಸಿದ ಕೆಂಪು, ಹಸಿರು ಬಣ್ಣದೊಂದಿಗೆ. ಈ ದೇವದೂತರ ಮೈಯಲ್ಲಿ ಸೀಸದ ಗುಂಡುಗಳು ಸಿಕ್ಕಿದವು. ಡೌಸಿಂಗನ ಕಡೆಯವರೇ ಹೊಡೆದರು ಎಂದು ಬಹಳ ಕಾಲ ಹೇಳುತ್ತಿದ್ದರು. ಚರ್ಚಿನ ಹಳೆಯ ಲೆಕ್ಕಪತ್ರ ನೋಡಿದರೆ, ಮಾಡಿನೊಳಗೆ ಸೇರಿಕೊಂಡ ಕಾಗೆಜಾತಿಯ ಹಕ್ಕಿಗಳನ್ನು ಹೊಡೆಯಲು ಹದಿನೆಂಟನೆಯ ಶತಮಾನದಲ್ಲಿ ಊರವರೇ ಮದ್ದುಗುಂಡಿಗೆ ಹಣ ಕೊಟ್ಟದ್ದು ತಿಳಿಯುತ್ತದೆ. ದುರ್ಬೀನು ತಪ್ಪದೆ ಒಯ್ಯಿರಿ. ಅದಿಲ್ಲದೆ ಬ್ಲೈತ್‌ಬರೊಗೆ ಹೋಗುವುದು ವ್ಯರ್ಥ ಎಂದೇ ಹೇಳುತ್ತೇನೆ.

ಉತ್ತರದ ಬಾಗಿಲಿನ ಮೇಲೆ ಸುಟ್ಟ ಕಲೆಗಳಿವೆ, ಬೆರಳಿಟ್ಟು ನೋಡಬಹುದು. 1577ರ ಆಗಸ್ಟ್ 4, ಭಾನುವಾರ, ಪ್ರಾರ್ಥನೆ ನಡೆಯುತ್ತಿದ್ದಾಗ ಸಿಡಿಲು ಹೊಡೆದು ಗೋಪುರದ ಶಿಖರ ಕುಸಿಯಿತು. ಒಬ್ಬ ಗಂಡಸು, ಒಬ್ಬ ಹುಡುಗ ಸತ್ತರು. ಕಪ್ಪು ನಾಯಿಯ ರೂಪದಲ್ಲಿ ಸೈತಾನನೇ ಬಂದಿದ್ದ, ಬಾಗಿಲ ಮೇಲಿರುವುದು ಅವನ ಉಗುರಿನ ಗುರುತು ಎಂದು ಜನ ಹೇಳಿಕೊಂಡರು, ಇಂದಿಗೂ ಹೇಳುತ್ತಾರೆ. ಬೆಂಚುಗಳ ತುದಿಯಲ್ಲಿ ಏಳು ಮಹಾಪಾಪಗಳ ಕೆತ್ತನೆಯಿದೆ. ಸೋಮಾರಿತನ ಹಾಸಿಗೆಯಲ್ಲೇ ಎದ್ದು ಕೂತಿದೆ, ಹೊಟ್ಟೆಬಾಕತನಕ್ಕೆ ಡೊಳ್ಳು ಹೊಟ್ಟೆ. ಮೊಮ್ಮಕ್ಕಳು ಜೊತೆಗಿದ್ದರೆ ಉಳಿದ ಪಾಪಗಳನ್ನು ಹುಡುಕಲು ಅವರಿಗೇ ಬಿಡಿ.

ಬ್ಲೈತ್‌ಬರೊಗೆ ಜೂನ್‌ನಲ್ಲಿ ಹೋಗುವವರು ಒಂದು ಮಾತು ನೆನಪಿಡಬೇಕು. ಹತ್ತಿರದ ಆಲ್ಡ್‌ಬರೊ ಊರಿನ ಸಂಗೀತೋತ್ಸವ ಆಗ ನಡೆಯುತ್ತದೆ, ಅದರ ಕಛೇರಿಗಳು ಈ ಚರ್ಚಿನಲ್ಲೂ ಇರುತ್ತವೆ. ಟಿಕೆಟ್ ಸಿಕ್ಕರೆ ಪುಣ್ಯ. ಸಿಗದಿದ್ದರೆ ಆ ದಿನ ತಪ್ಪಿಸಿ ಹೋಗಿ, ಅಭ್ಯಾಸದ ಹೊತ್ತಿನಲ್ಲಿ ಒಳಗೆ ಬಿಡಲಿಕ್ಕಿಲ್ಲ.

ಮಾರನೆಯ ದಿನ ಸಮುದ್ರದ ದಂಡೆಯ ಸೌತ್‌ವೋಲ್ಡ್. ಇಲ್ಲಿ ಗೋಪುರವನ್ನು ಒಳಗೆ ಹೋಗುವ ಮುನ್ನ ಹೊರಗೆ ನಿಂತು ನೋಡಬೇಕು. ಒಡೆದ ಚಕಮಕಿಯ ಕಪ್ಪು ಮುಖವನ್ನೂ ದೂರದಿಂದ ತಂದ ಬಿಳಿಗಲ್ಲನ್ನೂ ಸಮತಟ್ಟಾಗಿ ಕೂಡಿಸಿ ಗೋಡೆಯ ಮೇಲೆ ಕಸೂತಿ ಹಾಕಿದ್ದಾರೆ. ಪಶ್ಚಿಮದ ಕಿಟಕಿಯ ಸುತ್ತ ಕಿರೀಟ ತೊಟ್ಟ ಅಕ್ಷರಗಳಲ್ಲಿ ಲ್ಯಾಟಿನ್ ಮೊರೆಯೊಂದಿದೆ: ಸಂತ ಎಡ್ಮಂಡ, ನಮಗಾಗಿ ಪ್ರಾರ್ಥಿಸು. 869ರಲ್ಲಿ ಡೇನರ ಕೈಯಲ್ಲಿ ಸತ್ತ ಈ ಸೀಮೆಯ ರಾಜ ಎಡ್ಮಂಡ. ಸಂತರಿಗೆ ಮೊರೆಯಿಡುವುದೇ ಅಪರಾಧವೆಂದ ಕಾಲವನ್ನೂ ಈ ಅಕ್ಷರಗಳು ದಾಟಿ ಬಂದಿವೆ. ಒಳಗೆ ಕವಚ ತೊಟ್ಟ ಮರದ ಸಿಪಾಯಿಯೊಬ್ಬ ಇದ್ದಾನೆ, ಊರವರ ಬಾಯಲ್ಲಿ ಅವನು ಜ್ಯಾಕ್. ಕೈಯಲ್ಲಿನ ಕೊಡಲಿಯಿಂದ ಗಂಟೆ ಹೊಡೆಯುತ್ತಾನೆ.

ಸೌತ್‌ವೋಲ್ಡ್‌ನಿಂದ ಹೊಳೆಯಾಚೆಯ ವಾಲ್ಬರ್ಸ್‌ವಿಕ್‌ಗೆ ಬೇಸಿಗೆಯಲ್ಲಿ ಹುಟ್ಟು ಹಾಕುವ ದೋಣಿ ಉಂಟು. ಕಾರಿನಲ್ಲಾದರೆ ಒಳನಾಡಿಗೆ ಹೋಗಿ ಸುತ್ತಿ ಬರಬೇಕು. ದೋಣಿಯಲ್ಲೇ ಹೋಗಿ. ವಾಲ್ಬರ್ಸ್‌ವಿಕ್‌ನವರು ಒಳ್ಳೆಯ ದಿನಗಳಲ್ಲಿ ಬ್ಲೈತ್‌ಬರೊಗೆ ಸರಿಸಮನಾದ ಚರ್ಚು ಕಟ್ಟಿಕೊಂಡಿದ್ದರು. ಬಡತನ ಬಂದು ಮಾಡು ಉಳಿಸಿಕೊಳ್ಳಲಾರದೆ 1695ರಲ್ಲಿ ಅನುಮತಿ ಪಡೆದು ಅದನ್ನು ಇಳಿಸಿ, ಒಂದು ಮೂಲೆಯನ್ನಷ್ಟೇ ಪ್ರಾರ್ಥನೆಗೆ ಇಟ್ಟುಕೊಂಡರು. ಉತ್ತರಕ್ಕೆ ಕೋವ್‌ಹೈದ್‌ನಲ್ಲೂ ಇದೇ ಕಥೆ. 1672ರಲ್ಲಿ ದೊಡ್ಡ ಚರ್ಚಿನ ಮಾಡು ತೆಗೆದು, ಆ ಬಯಲು ಗೋಡೆಗಳ ನಡುವೆಯೇ ಹುಲ್ಲು ಮಾಡಿನ ಪುಟ್ಟ ಚರ್ಚು ಕಟ್ಟಿದರು. ಗೂಡಿನಲ್ಲಿ ಕೂತ ಮರಿಯ ಹಾಗೆ ಅದು ಇಂದಿಗೂ ಅಲ್ಲಿದೆ. ಕೋವ್‌ಹೈದ್‌ನ ರಸ್ತೆ ಮುಂದೆ ಹೋಗಿ ಕಡಲ ಮೇಲಿನ ಕಡಿದಾದ ದಂಡೆಯ ಅಂಚಿನಲ್ಲಿ ಕತ್ತರಿಸಿದಂತೆ ಮುಗಿಯುತ್ತದೆ. ಬ್ರಿಟನ್ನಿನಲ್ಲಿ ಅತಿ ಬೇಗ ಕೊಚ್ಚಿಹೋಗುತ್ತಿರುವ ದಂಡೆಗಳಲ್ಲಿ ಇದೂ ಒಂದು. ದಕ್ಷಿಣದ ಡನಿಚ್ ಎಂಬ ಊರಂತೂ ಒಂದು ಕಾಲಕ್ಕೆ ಹೆಸರಾಂತ ಬಂದರು. ಅಲ್ಲಿನ ಚರ್ಚುಗಳು ಒಂದೊಂದಾಗಿ ಕಡಲ ಪಾಲಾದವು, ಆಲ್ ಸೇಂಟ್ಸ್ ಚರ್ಚು 1904ರಿಂದ ಉರುಳತೊಡಗಿ ಕೊನೆಗೆ ಗೋಪುರವೂ ಬಿತ್ತು. ಕೋವ್‌ಹೈದ್ ನಿಮ್ಮ ಪಟ್ಟಿಯಲ್ಲಿದ್ದರೆ ಮುಂದಿನ ವರ್ಷಕ್ಕೆ ತಳ್ಳಬೇಡಿ.

ಇನ್ನು ದಿನ, ವಾರದ ಲೆಕ್ಕ. ಜೂನ್ ಕೊನೆಯಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ. ಆ ಬೆಳಕನ್ನು ನಂಬಿ ಸಂಜೆಗೆ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ, ಅನೇಕ ಕಡೆ ಬಾಗಿಲು ನಾಲ್ಕೈದು ಗಂಟೆಗೇ ಹಾಕುತ್ತಾರೆ. ಶನಿವಾರ ಮಧ್ಯಾಹ್ನ ಮದುವೆಗಳಿರುತ್ತವೆ. ಭಾನುವಾರ ಬೆಳಗ್ಗೆ ಆರಾಧನೆ. ಒಬ್ಬ ಪಾದ್ರಿ ಹಲವು ಊರು ನೋಡಿಕೊಳ್ಳುವುದರಿಂದ ಪ್ರತಿ ಚರ್ಚಿನಲ್ಲೂ ಪ್ರತಿ ವಾರ ಇರುವುದಿಲ್ಲ. ಇದ್ದರೆ ಹಿಂದಿನ ಸಾಲಿನಲ್ಲಿ ಕೂತು ಕೇಳಿ, ಸಂತೋಷದಿಂದ ಬರಮಾಡಿಕೊಳ್ಳುತ್ತಾರೆ. ಸುತ್ತಾಡಲು ಮಂಗಳವಾರದಿಂದ ಗುರುವಾರದವರೆಗೆ ಒಳ್ಳೆಯದು. ಭಾನುವಾರ ಹಳ್ಳಿಯ ಬಸ್ಸುಗಳು ಅಪರೂಪ. ಜುಲೈ ಕೊನೆಯಿಂದ ಆಗಸ್ಟ್ ಪೂರ್ತಿ ಶಾಲೆಗಳಿಗೆ ರಜೆ, ಸೌತ್‌ವೋಲ್ಡ್‌ನಂಥ ಕಡಲೂರುಗಳಲ್ಲಿ ಕೋಣೆ ಸಿಗುವುದು ಕಷ್ಟ, ಬಾಡಿಗೆಯೂ ಏರಿರುತ್ತದೆ. ಮೇ, ಜೂನ್ ಲೇಸು.

ಬಾಗಿಲು ಹಾಕಿದ್ದರೆ ಹಿಂದಿರುಗಬೇಡಿ. ಕಬ್ಬಿಣದ ಬಳೆಯನ್ನು ಎರಡು ಕಡೆಗೂ ತಿರುಗಿಸಿ, ಸ್ವಲ್ಪ ಬಲವಾಗಿಯೇ ತಳ್ಳಿ ನೋಡಿ. ನಿಜಕ್ಕೂ ಬೀಗ ಹಾಕಿದ್ದರೆ ಮುಂದಿನ ಮೊಗಸಾಲೆಯ ಫಲಕದಲ್ಲಿ ಬೀಗದ ಕೈ ಯಾರ ಮನೆಯಲ್ಲಿದೆ ಎಂದು ಬರೆದಿರುತ್ತಾರೆ. ಕೇಳಿದರೆ ಕೊಡುತ್ತಾರೆ, ಕೆಲವು ಸಲ ಅವರೇ ಬಂದು, ಪುಸ್ತಕದಲ್ಲಿಲ್ಲದ ಸಂಗತಿ ಹೇಳುತ್ತಾರೆ. ಮೊಗಸಾಲೆಗೆ ಬೇಸಿಗೆಯಲ್ಲಿ ತಂತಿಬಲೆಯ ಇನ್ನೊಂದು ಬಾಗಿಲು ಇರುತ್ತದೆ, ಕವಲುಬಾಲದ ಪುಟ್ಟ ಹಕ್ಕಿಗಳು ಒಳಗೆ ನುಗ್ಗಿ ಸಿಕ್ಕಿಬೀಳದಿರಲಿ ಎಂದು. ನಿಮ್ಮ ಹಿಂದೆ ಅದನ್ನು ಮುಚ್ಚಿಕೊಳ್ಳಿ. ಚಪ್ಪಲಿ ಕಳಚಬೇಕಾಗಿಲ್ಲ, ಹೊಲದಲ್ಲಿ ನಡೆದು ಬಂದಿದ್ದರೆ ಕೆಸರು ಒರೆಸಿಕೊಂಡು ಹೋದರಾಯಿತು. ಗಂಡಸರು ಟೋಪಿ ತೆಗೆಯುವುದು ವಾಡಿಕೆ. ಹೊರಗೆ ಎಷ್ಟೇ ಬಿಸಿಲಿರಲಿ ಒಳಗೆ ಥಂಡಿ, ಹಿರಿಯರು ಸ್ವೆಟರ್ ಬಿಡಬೇಡಿ.

ಹಳ್ಳಿಯ ಚರ್ಚುಗಳಿಗೆ ಪ್ರವೇಶ ಶುಲ್ಕವಿಲ್ಲ. ಅಂದಮಾತ್ರಕ್ಕೆ ಖರ್ಚಿಲ್ಲವೆಂದಲ್ಲ. ಸೀಸದ ಮಾಡು, ಒಡೆದ ಗಾಜು, ಗೋಪುರದ ಬಿರುಕು ಎಲ್ಲದರ ಹೊಣೆ ಮುಖ್ಯವಾಗಿ ಅಲ್ಲಿನ ಪುಟ್ಟ ಸಭೆಯದು. ಆ ಸಭೆಯಲ್ಲಿ ಎಷ್ಟೋ ಕಡೆ ಬೆರಳೆಣಿಕೆಯ ವಯಸ್ಸಾದವರಷ್ಟೇ ಉಳಿದಿದ್ದಾರೆ. ಹುಂಡಿಗೆ ಕಾಣಿಕೆ ಹಾಕಿ. ಸಂದರ್ಶಕರ ಪುಸ್ತಕದಲ್ಲಿ ಹೆಸರು, ಊರು ಬರೆಯಿರಿ. ದುರಸ್ತಿಗೆ ಅನುದಾನ ಕೇಳುವಾಗ ಎಷ್ಟು ಜನ ಬಂದುಹೋದರು ಎಂದು ತೋರಿಸಲು ಆ ಪುಸ್ತಕ ಅವರಿಗೆ ಬೇಕಾಗುತ್ತದೆ. ಕನ್ನಡದಲ್ಲಿ ಬರೆದು ಕೆಳಗೆ ಇಂಗ್ಲಿಷಿನಲ್ಲಿ ಊರಿನ ಹೆಸರು ಹಾಕಿದರೆ ಅವರಿಗೂ ಹಿಗ್ಗು.

ಸಫಕ್ ದೂರವಾಯಿತು ಎನ್ನುವವರು ತಮಗೆ ಹತ್ತಿರದ ಇನ್ನೊಂದು ಸೀಮೆ ಹಿಡಿಯಬಹುದು. ಆಕ್ಸ್‌ಫರ್ಡ್ ಕಡೆಯವರಿಗೆ ಕಾಟ್ಸ್‌ವೋಲ್ಡ್ ಬೆಟ್ಟಗಳಿವೆ, ಉಣ್ಣೆ ವ್ಯಾಪಾರಿಗಳ ದುಡ್ಡಿನಲ್ಲಿ ಎದ್ದ ಜೇನುಬಣ್ಣದ ಕಲ್ಲಿನ ಚರ್ಚುಗಳ ನಾಡು. ಅಲ್ಲಿನ ಫೇರ್‌ಫರ್ಡ್‌ನಲ್ಲಿ ಮಧ್ಯಯುಗದ ಬಣ್ಣದ ಗಾಜಿನ 28 ಕಿಟಕಿಗಳೂ ಉಳಿದಿವೆ. ಬರ್ಮಿಂಗ್‌ಹ್ಯಾಮ್ ಕಡೆಯವರು ಹೆರಫರ್ಡ್ ಸೀಮೆಯ ಕಿಲ್ಪೆಕ್ ನೋಡಲಿ, ಹನ್ನೆರಡನೆಯ ಶತಮಾನದ ಕೆತ್ತನೆ, ಬಾಗಿಲು ಕಂಬದ ಬಳ್ಳಿ ಹಾವುಗಳನ್ನು ನೋಡಿ ಮುಗಿಯುವುದಿಲ್ಲ.

ಕೆಂಟ್ ಜಿಲ್ಲೆಯವರಿಗೆ ಮತ್ತೊಂದು ವಿಳಾಸ ಕೊಟ್ಟು ಮುಗಿಸುತ್ತೇನೆ. ಫಾವರ್‌ಶಮ್ ಊರಿನ ದಕ್ಷಿಣಕ್ಕೆ ಥ್ರೌಲಿ ಎಂಬ ಹಳ್ಳಿ. ಅಲ್ಲಿನ ಸಂತ ಮಿಕಾಯೇಲನ ಚರ್ಚಿನಲ್ಲಿ ಜಾರ್ಜ್ ಹ್ಯಾರಿಸ್ ಎಂಬಾತನ ಸ್ಮಾರಕವಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಒಡೆದು ಟಿಪ್ಪು ಮಡಿದಾಗ ಇಂಗ್ಲಿಷ್ ಸೈನ್ಯದ ದಂಡನಾಯಕನಾಗಿದ್ದವನು ಇವನೇ. ಗೆಲುವಿನ ಕೊಳ್ಳೆಯಲ್ಲಿ ತನ್ನ ಪಾಲಿಗೆ ಬಂದ ಹಣದಿಂದ 1801ರಲ್ಲಿ ಪಕ್ಕದ ಬೆಲ್ಮಾಂಟ್ ಬಂಗಲೆ ಕೊಂಡ. 1815ರಲ್ಲಿ ಬ್ಯಾರನ್ ಪದವಿ ಸಿಕ್ಕಿತು, ಆ ಬಿರುದಿನಲ್ಲೇ ಶ್ರೀರಂಗಪಟ್ಟಣ, ಮೈಸೂರು ಎಂಬ ಎರಡು ಹೆಸರುಗಳಿವೆ. 1829ರಲ್ಲಿ ತೀರಿಕೊಂಡ. ಕಾವೇರಿಯ ದ್ವೀಪದಲ್ಲಿ ಕೋಟೆಯ ಬಿರುಕನ್ನು ಕಂಡವರು ಇದನ್ನೂ ನೋಡಬೇಕು, ನಮ್ಮ ಚರಿತ್ರೆಯ ಒಂದು ಪುಟ ಆ ಹಳ್ಳಿಯಲ್ಲಿದೆ. ಬೆಲ್ಮಾಂಟ್ ಬಂಗಲೆ ಬೇಸಿಗೆಯಲ್ಲಿ ಗೊತ್ತಾದ ದಿನಗಳಲ್ಲಿ ಮಾತ್ರ ತೆರೆದಿರುತ್ತದೆ. ಮೊದಲು ಆ ದಿನ ವಿಚಾರಿಸಿ ಗೊತ್ತುಮಾಡಿಕೊಂಡು, ಚರ್ಚನ್ನೂ ಅದೇ ದಿನಕ್ಕೆ ಹೊಂದಿಸಿಕೊಳ್ಳಿ. ಫಾವರ್‌ಶಮ್‌ವರೆಗೆ ಲಂಡನ್ನಿನಿಂದ ರೈಲಿದೆ, ಅಲ್ಲಿಂದ ಮುಂದಕ್ಕೆ ಟ್ಯಾಕ್ಸಿ ಹಿಡಿಯಿರಿ, ವಾಪಸ್ ಬರುವ ವೇಳೆಯನ್ನೂ ಆಗಲೇ ಹೇಳಿಡಿ.